ಜೋಡಿ ತಂತಿಯ ಜಾತಕ

ಸ್ಟುಡಿಯೋ ಮಾನಿಟರ್ ಕೊಂಡ ಬಹಳಷ್ಟು ಜನರಿಗೆ ಆಗೋ ಅನುಭವ ಇದು. ದೊಡ್ಡ ಡಬ್ಬ ಮನೆಗೆ ಬರುತ್ತೆ. ಒಳಗೆ ಥರ್ಮಾಕೋಲ್ ಇರುತ್ತೆ, ಪವರ್ ಕಾರ್ಡ್ ಇರುತ್ತೆ, ಹತ್ತು ಭಾಷೆಯ ಕೈಪಿಡಿ ಇರುತ್ತೆ. ಹಾಡು ಹರಿದು ಬರಬೇಕಾದ ಕೇಬಲ್ ಮಾತ್ರ ಹೆಚ್ಚಿನ ಸಲ ಇರೋದಿಲ್ಲ. ಸ್ಪೀಕರನ್ನು ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ಎರಡು ಮೂರು ಬಗೆಯ ತೂತು. ಹುಡುಕೋಕೆ ಹೊರಟರೆ ಇನ್ನೂರು ರೂಪಾಯಿಯ ಕೇಬಲ್ಲೂ ಸಿಗುತ್ತೆ, ಇಪ್ಪತ್ತು ಸಾವಿರದ್ದೂ ಸಿಗುತ್ತೆ. ಒಂದರ ಮೇಲೆ ಆಮ್ಲಜನಕವಿಲ್ಲದ ತಾಮ್ರ ಅಂತ ಬರೆದಿರುತ್ತೆ, ಇನ್ನೊಂದರ ಮೇಲೆ ಬೆಳ್ಳಿ ಲೇಪನ, ಮತ್ತೊಂದರ ಮೇಲೆ ಚಿನ್ನ. ಕೇಬಲ್ ಕೊಳ್ತಿದ್ದೀವೋ ಒಡವೆ ಕೊಳ್ತಿದ್ದೀವೋ ಅನ್ನೋ ಅನುಮಾನ ಬರುತ್ತೆ.

ಮಲಗುವ ಕೋಣೆಯ ಮೂಲೆಯಲ್ಲೇ ಪುಟ್ಟ ಸ್ಟುಡಿಯೋ ಮಾಡ್ಕೊಂಡು ಪಾಡ್‌ಕಾಸ್ಟ್ ಮಾಡೋರು, ಭಾವಗೀತೆಗೆ ಟ್ರ್ಯಾಕ್ ಕಟ್ಟೋರು, ಕಿರುಚಿತ್ರಕ್ಕೆ ಡಬ್ಬಿಂಗ್ ಮಾಡೋರು ಈಗ ಬೀದಿಗೊಬ್ಬರು ಸಿಗ್ತಾರೆ. ಅವರೆಲ್ಲರ ಪ್ರಶ್ನೆ ಒಂದೇ: ಯಾವ ಕೇಬಲ್ ಸರಿ? ತಮಾಷೆ ಏನಂದ್ರೆ, ಈ ಪ್ರಶ್ನೆಗೆ ಉತ್ತರ ಸಿಕ್ಕಿ ನೂರಾ ನಲವತ್ತು ವರ್ಷವಾಗಿದೆ. ಉತ್ತರ ಕಂಡುಕೊಂಡವರು ಸಂಗೀತದವರಲ್ಲ, ಟೆಲಿಫೋನಿನವರು. ಆ ಉತ್ತರ ತಂತಿಯ ಲೋಹದಲ್ಲಿ ಇರಲಿಲ್ಲ, ತಂತಿಗಳ ಸಂಖ್ಯೆಯಲ್ಲಿತ್ತು. ಒಂದರ ಬದಲು ಎರಡು. ಅಷ್ಟೇ.

ಟೆಲಿಫೋನಿಗೂ ಮುಂಚೆ ಟೆಲಿಗ್ರಾಫ್ ಇತ್ತಲ್ಲ, ಕಥೆ ಅಲ್ಲಿಂದ ಶುರು. ವಿದ್ಯುತ್ತು ಒಂದು ಕಡೆಯಿಂದ ಹೋದ ಮೇಲೆ ವಾಪಸ್ ಬರಲೇಬೇಕು, ಸರ್ಕ್ಯೂಟ್ ಪೂರ್ತಿ ಆಗಬೇಕು. ಹಾಗಾಗಿ ಊರಿಂದ ಊರಿಗೆ ಎರಡು ತಂತಿ ಎಳೆಯಬೇಕಿತ್ತು. 1838ರಲ್ಲಿ ಮ್ಯೂನಿಕ್‌ನ ಕಾರ್ಲ್ ಆಗಸ್ಟ್ ಸ್ಟೈನ್‌ಹೈಲ್ ಒಂದು ಉಳಿತಾಯದ ದಾರಿ ತೋರಿಸಿದರು. ಹೋಗೋಕೆ ಒಂದು ತಂತಿ ಸಾಕು. ಎರಡೂ ತುದಿಯಲ್ಲಿ ಲೋಹದ ತಗಡು ಹೂತರೆ ವಾಪಸ್ ಬರೋ ದಾರಿಯನ್ನು ಭೂಮಿಯೇ ಕೊಡುತ್ತೆ. ಅರ್ಧಕ್ಕರ್ಧ ತಂತಿ ಉಳೀತು. ಕಂಪನಿಗಳಿಗೆ ಇದಕ್ಕಿಂತ ಖುಷಿ ಇನ್ನೇನು ಬೇಕು? ಜಗತ್ತಿನ ಟೆಲಿಗ್ರಾಫ್ ಜಾಲವೆಲ್ಲ ಬಹುಮಟ್ಟಿಗೆ ಹೀಗೆ ಒಂಟಿ ಕಬ್ಬಿಣದ ತಂತಿಯ ಮೇಲೆ ನಿಂತಿತು. ಟೆಲಿಗ್ರಾಫಿನ ಕಟ್ಟು-ಕಡ ಸದ್ದಿಗೆ ಅದು ಸಾಕಾಗಿತ್ತು ಕೂಡ. ಚುಕ್ಕಿ ಬಂತೋ ಗೆರೆ ಬಂತೋ ಅಂತ ತಿಳಿದರೆ ಆಯ್ತು. ಹಿಂದೆ ಸ್ವಲ್ಪ ಗಲಾಟೆ ಇದ್ದರೂ ನಡೀತಿತ್ತು.

1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದ ಮೇಲೆ ಕಂಪನಿಗಳು ಅದನ್ನೂ ಅದೇ ಒಂಟಿ ತಂತಿಯ ಪದ್ಧತಿಯ ಮೇಲೆ ಕೂರಿಸಿದವು. ಆಗ ಗೊತ್ತಾಯ್ತು, ಆ ತಂತಿಯಲ್ಲಿ ಎಷ್ಟೊಂದು ಭೂತಗಳು ವಾಸವಾಗಿವೆ ಅಂತ. ಕಿವಿಗಿಟ್ಟರೆ ಚಟಪಟ, ಗುಯ್ಯ್, ಸೊಯ್ಯ್. ಪಕ್ಕದ ಟೆಲಿಗ್ರಾಫ್ ತಂತಿಯ ಟಕಟಕ. ಅದರ ಮೇಲೆ ಬೇರೆ ಯಾರೋ ಇನ್ಯಾರಿಗೋ ಹೇಳುತ್ತಿರುವ ಮನೆ ಮಾತು. ಟೆಲಿಫೋನ್ ಎಷ್ಟು ಸೂಕ್ಷ್ಮ ಅಂದ್ರೆ, ಟೆಲಿಗ್ರಾಫ್ ಯಂತ್ರಗಳಿಗೆ ತಿಳಿಯದೇ ಹೋಗಿದ್ದ ಸಣ್ಣ ಸಣ್ಣ ವಿದ್ಯುತ್ತೂ ಅದರಲ್ಲಿ ಕೇಳಿಸ್ತಿತ್ತು. ಒಂಟಿ ತಂತಿ ಮತ್ತು ಭೂಮಿ ಸೇರಿ ಮೈಲುಗಟ್ಟಲೆ ದೊಡ್ಡದೊಂದು ಆಂಟೆನಾ ಆಗಿಬಿಟ್ಟಿತ್ತು.

ಗಾಯದ ಮೇಲೆ ಬರೆ ಎಳೆದಂತೆ ಬಂದವು ಟ್ರಾಮ್‌ಗಳು. 1888ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಊರಲ್ಲಿ ಫ್ರಾಂಕ್ ಸ್ಪ್ರೇಗ್ ಅವರ ವಿದ್ಯುತ್ ಟ್ರಾಮ್ ಯಶಸ್ವಿಯಾಗಿ ಓಡಿತು. ಅದನ್ನು ನೋಡಿ ಊರೂರಿಗೂ ಟ್ರಾಮ್ ಬಂತು. ಟ್ರಾಮಿನ ವಿದ್ಯುತ್ತು ಮೇಲಿನ ತಂತಿಯಿಂದ ಬಂದು ಹಳಿಯ ಮೂಲಕ ವಾಪಸ್ ಹೋಗ್ತಿತ್ತು. ಹಳಿ ಇರೋದು ನೆಲದ ಮೇಲೆ, ಟೆಲಿಫೋನಿನ ವಾಪಸ್ ದಾರಿಯೂ ಅದೇ ನೆಲ. ಇನ್ನೇನಾಗುತ್ತೆ? ಟ್ರಾಮ್ ಹೊರಟಾಗಲೆಲ್ಲ ಊರಿನ ಫೋನುಗಳು ಗೊರ್ರ್ ಅನ್ನೋಕೆ ಶುರು ಮಾಡಿದವು. ಟೆಲಿಫೋನ್ ಕಂಪನಿಗಳು ಟ್ರಾಮ್ ಕಂಪನಿಗಳ ಮೇಲೆ ಕೋರ್ಟಿಗೆ ಹೋದವು. ಭೂಮಿ ಯಾರಪ್ಪನ ಆಸ್ತಿ ಅನ್ನೋ ಪ್ರಶ್ನೆ ಅಕ್ಷರಶಃ ನ್ಯಾಯಾಧೀಶರ ಮುಂದೆ ಬಂತು.

ಆದರೆ ಪರಿಹಾರ ಅಷ್ಟರಲ್ಲಾಗಲೇ ಸಿಕ್ಕಿತ್ತು. ಜಾನ್ ಕಾರ್ಟಿ ಅಂತ ಒಬ್ಬ ಹುಡುಗ. ಹುಟ್ಟಿದ್ದು 1861ರಲ್ಲಿ. ಕಣ್ಣಿನ ತೊಂದರೆಯಿಂದ ಕಾಲೇಜಿಗೆ ಹೋಗಲಾಗದೆ 1879ರಲ್ಲಿ ಬಾಸ್ಟನ್ನಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸಕ್ಕೆ ಸೇರಿದವ. 1881ರಲ್ಲಿ ಬಾಸ್ಟನ್ ಮತ್ತು ಪ್ರಾವಿಡೆನ್ಸ್ ನಡುವೆ ಒಂಟಿ ತಂತಿಗಳನ್ನು ಭೂಮಿಯಿಂದ ಬಿಡಿಸಿ, ಒಂದು ಹೋಗೋಕೆ ಇನ್ನೊಂದು ಬರೋಕೆ ಅಂತ ಜೋಡಿ ಮಾಡಿದ. ಗಲಾಟೆ ಧುತ್ತಂತ ಇಳೀತು. ಅದೇ ವರ್ಷ ಜುಲೈನಲ್ಲಿ ಬೆಲ್ ಅವರಿಗೂ ಒಂದು ಪೇಟೆಂಟ್ ಸಿಕ್ಕಿತು: ಎರಡು ತಂತಿಯನ್ನು ಹಗ್ಗದ ಹುರಿಯ ಹಾಗೆ ಒಂದಕ್ಕೊಂದು ಸುತ್ತಿದರೆ ಗಲಾಟೆ ಹೇಗೆ ಹೋಗುತ್ತೆ ಅನ್ನೋದು ಅದರ ಸಾರಾಂಶ. ಟೆಲಿಫೋನ್ ಪೇಟೆಂಟ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು 1876ರದ್ದು. ಈ 1881ರದ್ದು ಯಾರಿಗೂ ನೆನಪಿಲ್ಲ. ಆದರೆ ಇವತ್ತು ನೀವು ಹುಡುಕ್ತಿರೋ ಕೇಬಲ್ಲಿನ ಒಳಗೆ ಕೂತಿರೋದು ಅದೇ.

ಇದು ಕೆಲಸ ಮಾಡೋ ರೀತಿ ತುಂಬಾ ಸರಳ. ಎರಡು ತಂತಿ ಅಕ್ಕಪಕ್ಕ ಇವೆ ಅಂದ್ಕೊಳ್ಳಿ. ಹೊರಗಿನ ಗಲಾಟೆ ಎರಡರ ಮೇಲೂ ಬೀಳುತ್ತೆ. ಅದನ್ನು ತಡೆಯೋಕೆ ಹೋಗೋದೇ ಬೇಡ, ಬೀಳಲಿ. ಆದರೆ ಎರಡರ ಮೇಲೂ ಸಮನಾಗಿ ಬೀಳಲಿ. ಆ ತುದಿಯಲ್ಲಿ ಕೇಳಿಸಿಕೊಳ್ಳೋ ಯಂತ್ರ ಎರಡು ತಂತಿಯ ನಡುವಿನ ವ್ಯತ್ಯಾಸವನ್ನು ಮಾತ್ರ ನೋಡುತ್ತೆ. ಒಂದರಲ್ಲಿ ಐದು ಪಾಲು ಗಲಾಟೆ, ಇನ್ನೊಂದರಲ್ಲೂ ಐದು ಪಾಲು, ಕಳೆದರೆ ಸೊನ್ನೆ. ಮಾತು ಮಾತ್ರ ಎರಡರಲ್ಲಿ ಬೇರೆ ಬೇರೆ ಇರೋದರಿಂದ ಅದು ಉಳಿಯುತ್ತೆ. ಹುರಿ ಮಾಡೋದು ಯಾಕೆ ಅಂದ್ರೆ, ಎರಡು ತಂತಿಯಲ್ಲಿ ಒಂದು ಗಲಾಟೆಯ ಮೂಲಕ್ಕೆ ಹತ್ತಿರ, ಇನ್ನೊಂದು ದೂರ ಆಗಬಾರದು. ಸುತ್ತಿದಾಗ ಇಬ್ಬರೂ ಸರದಿಯ ಮೇಲೆ ಹತ್ತಿರ ಬರ್ತಾರೆ, ದೂರ ಹೋಗ್ತಾರೆ. ಲೆಕ್ಕ ಸರಿಯಾಗುತ್ತೆ.

ಕಂಬದ ಮೇಲೆ ಬರಿ ತಂತಿ ಎಳೆದಾಗ ಹುರಿ ಮಾಡೋಕೆ ಆಗಲ್ಲ. ಅದಕ್ಕೆ ಇಷ್ಟಿಷ್ಟು ಕಂಬಕ್ಕೊಮ್ಮೆ ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ದಾಟಿಸ್ತಿದ್ದರು. ಟ್ರಂಕ್ ಕಾಲ್ ಕಾಲದಲ್ಲಿ ನಮ್ಮ ಕಡೆ ರೈಲು ಹಳಿ ಪಕ್ಕದ ಕಂಬಗಳಲ್ಲಿ ತಂತಿಗಳು ಹೀಗೆ ಜಾಗ ಬದಲಿಸ್ಕೊಳ್ತಿದ್ದದ್ದು ಇದೇ ಕಾರಣಕ್ಕೆ. ಊರಲ್ಲಿ ನಾವದನ್ನು ಕೆಲಸದವರು ಅಡ್ಡಾದಿಡ್ಡಿ ಕಟ್ಟಿದ್ದಾರೆ ಅಂದ್ಕೊಳ್ತಿದ್ವಿ. ಅದು ದೊಡ್ಡ ಅಳತೆಯ ಹುರಿ. ಗಲಾಟೆ ಒಂದು ತಂತಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತೆ ಅನ್ನೋದನ್ನು ಕಾರ್ಟಿಯೇ 1889ರಲ್ಲಿ ಪ್ರಯೋಗ ಮಾಡಿ ವಿವರಿಸಿದರು. ಮುಂದೆ ಅವರು ಎಟಿ ಆಂಡ್ ಟಿ ಕಂಪನಿಯ ಮುಖ್ಯ ಎಂಜಿನಿಯರ್ ಆದರು.

ಇಲ್ಲಿ ಲೋಹದ ವಿಷಯವನ್ನೂ ಪ್ರಾಮಾಣಿಕವಾಗಿ ಹೇಳಿಬಿಡಬೇಕು. ತಾಮ್ರ ಮುಖ್ಯವೇ ಆಗಿತ್ತು. ಮೊದಲಿನ ತಂತಿಗಳು ಕಬ್ಬಿಣದವು, ಯಾಕಂದ್ರೆ ಮೆತ್ತನೆಯ ತಾಮ್ರ ಕಂಬದಿಂದ ಕಂಬಕ್ಕೆ ಎಳೆದರೆ ತನ್ನ ಭಾರಕ್ಕೇ ಜೋತುಬೀಳ್ತಿತ್ತು. 1877ರಲ್ಲಿ ಥಾಮಸ್ ಡೂಲಿಟಲ್ ಅನ್ನೋರು ತಾಮ್ರವನ್ನು ಎಳೆದು ಗಟ್ಟಿ ಮಾಡುವ ವಿಧಾನ ಕಂಡುಹಿಡಿದರು. ಆ ತಂತಿಯಿಂದಲೇ 1884ರಲ್ಲಿ ನ್ಯೂಯಾರ್ಕ್‌ನಿಂದ ಬಾಸ್ಟನ್‌ಗೆ ದೂರದ ಲೈನ್ ನಡೆದದ್ದು. ಆದರೆ ಅದು ಊರಿಂದ ಊರಿಗೆ ನೂರಾರು ಕಿಲೋಮೀಟರ್ ದೂರದ ಮಾತು. ನಿಮ್ಮ ಮೇಜಿನ ಮೇಲಿರೋದು ಮೂರು ಮೀಟರ್.

ಇನ್ನು ತೂತಿನ ಕಥೆ. 1878ರ ಜನವರಿಯಲ್ಲಿ ಅಮೆರಿಕದ ನ್ಯೂಹೇವನ್‌ನಲ್ಲಿ ಮೊದಲ ವಾಣಿಜ್ಯ ಟೆಲಿಫೋನ್ ಎಕ್ಸ್‌ಚೇಂಜ್ ತೆರೆಯಿತು. ಯಾರ ಲೈನನ್ನು ಯಾರಿಗೆ ಬೇಕಾದರೂ ಕೂಡಿಸಬೇಕು, ಬೇಗ ಬಿಡಿಸಬೇಕು. ಮೊದಮೊದಲು ಈ ಕೆಲಸಕ್ಕೆ ಹುಡುಗರನ್ನು ಇಟ್ಟಿದ್ದರು, ಅವರ ತರಲೆ ತಡೆಯೋಕಾಗದೆ ಹೆಣ್ಣುಮಕ್ಕಳನ್ನು ನೇಮಿಸಿದರು. ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ಬಾಸ್ಟನ್ನಿನಲ್ಲಿ ಕೆಲಸಕ್ಕೆ ಸೇರಿದ ಎಮ್ಮಾ ನಟ್ ಮೊದಲ ಮಹಿಳಾ ಆಪರೇಟರ್. ದಿನವಿಡೀ ಚುಚ್ಚಿ ತೆಗೆದು ಚುಚ್ಚಿ ತೆಗೆದು ಮಾಡಿದರೂ ಸವೆಯದಂಥ ಒಂದು ಪ್ಲಗ್ಗು ಬೇಕಿತ್ತು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಚಾರ್ಲ್ಸ್ ಸ್ಕ್ರಿಬ್ನರ್ ಇದಕ್ಕೆ ಮಾಡಿದ ಸ್ವಿಚ್ಚು ಮಡಚೋ ಚಾಕುವಿನ ಆಕಾರದಲ್ಲಿತ್ತು. ಅಂಥ ಚಾಕುವಿಗೆ ಇಂಗ್ಲಿಷಿನಲ್ಲಿ ಜ್ಯಾಕ್‌ನೈಫ್ ಅಂತಾರೆ. ಚಾಕು ಹೋಗಿ ಜ್ಯಾಕ್ ಉಳೀತು. ನಾವು ಇವತ್ತಿಗೂ ಗಿಟಾರಿಗೆ, ಹೆಡ್‌ಫೋನಿಗೆ ಜ್ಯಾಕ್ ಅನ್ನೋದು ಹೀಗೆ.

ಆ ಪ್ಲಗ್ಗಿನ ದಪ್ಪ ಸುಮಾರು ಕಾಲು ಇಂಚು. ಅದೇ ವಂಶದ ಪ್ಲಗ್ಗನ್ನು ಈಗಲೂ ಬಳಸ್ತೀವಿ, 6.35 ಮಿಲಿಮೀಟರ್. ಅದರ ತುದಿಗೆ ಟಿಪ್, ಮಧ್ಯದ ಉಂಗುರಕ್ಕೆ ರಿಂಗ್, ಹಿಂದಿನ ಕೊಳವೆಗೆ ಸ್ಲೀವ್ ಅಂತ ಹೆಸರು. ಮೂರರ ಮೊದಲಕ್ಷರ ಸೇರಿಸಿದರೆ ಟಿಆರ್‌ಎಸ್. ಸ್ಪೀಕರಿನ ಬೆನ್ನ ಮೇಲೆ ಬರೆದಿರೋದು ಅದೇ. ಟಿಪ್ ಮತ್ತು ರಿಂಗ್ ಜೋಡಿ ತಂತಿಯ ಎರಡು ತುದಿ, ಸ್ಲೀವ್ ಅದಕ್ಕೆ ಹೊದೆಸಿದ ಲೋಹದ ಜಾಲರಿಯದ್ದು. ಬೇರೆ ಉಪಕರಣಗಳಲ್ಲಿ ಇಷ್ಟು ಹಳೆಯ ಕನೆಕ್ಟರ್ ಇನ್ನೂ ದಿನನಿತ್ಯದ ಬಳಕೆಯಲ್ಲಿರೋದು ಅಪರೂಪ. ನಮ್ಮ ಫೋನಿನ ಚಾರ್ಜರ್ ತೂತು ಹತ್ತು ವರ್ಷಕ್ಕೆ ಮೂರು ಸಲ ಬದಲಾಯ್ತು!

ಟೆಲಿಫೋನಿನವರ ಇನ್ನೊಂದು ಕಾಣಿಕೆ ನಿಮ್ಮ ಸಾಫ್ಟ್‌ವೇರಿನ ಪರದೆಯ ಮೇಲೆಯೇ ಇದೆ. ಡೆಸಿಬೆಲ್. ಧ್ವನಿಯ ಅಳತೆ ಅಂದ್ಕೊಂಡಿದ್ದೀವಿ ಅಲ್ವಾ? ಹುಟ್ಟಿದಾಗ ಅದು ಕೇಬಲ್ಲಿನ ಅಳತೆ. ಒಂದು ಮೈಲು ಉದ್ದದ ಮಾದರಿ ಕೇಬಲ್ಲಿನಲ್ಲಿ ಮಾತು ಎಷ್ಟು ಕ್ಷೀಣಿಸುತ್ತೋ ಅದನ್ನೇ ಒಂದು ಘಟಕ ಅಂತ ಟೆಲಿಫೋನ್ ಎಂಜಿನಿಯರುಗಳು ಲೆಕ್ಕ ಹಾಕ್ತಿದ್ದರು. ಆಮೇಲೆ 1920ರ ದಶಕದಲ್ಲಿ ಅದನ್ನು ಗಣಿತಕ್ಕೆ ಹೊಂದುವ ಹಾಗೆ ತಿದ್ದಿ, ಬೆಲ್ ಅವರ ಹೆಸರಿಟ್ಟು ಡೆಸಿಬೆಲ್ ಅಂದರು. ಒಂದು ಮೈಲು ಕೇಬಲ್ ತಿನ್ನೋ ಧ್ವನಿ ಸುಮಾರು ಒಂದು ಡೆಸಿಬೆಲ್. ಸಾಮಾನ್ಯ ಮನುಷ್ಯನ ಕಿವಿ ಗುರುತಿಸಬಲ್ಲ ಅತಿ ಸಣ್ಣ ವ್ಯತ್ಯಾಸವೂ ಹತ್ತಿರ ಹತ್ತಿರ ಅಷ್ಟೇ. ಮೂರು ಮೀಟರ್ ಕೇಬಲ್ ಬದಲಿಸಿದರೆ ಗಾಯಕಿಯ ಉಸಿರಿನಲ್ಲಿ ರೇಷ್ಮೆ ಕಾಣಿಸ್ತು ಅನ್ನೋ ಜಾಹೀರಾತು ಓದುವಾಗ ಈ ಒಂದು ಮೈಲು ನೆನಪಿರಲಿ.

ರೇಡಿಯೋ ಬಂದಾಗ, ಮಾತಾಡೋ ಸಿನಿಮಾ ಬಂದಾಗ, ಅಲ್ಲಿನ ಎಂಜಿನಿಯರುಗಳು ಹೊಸದಾಗಿ ಏನೂ ಕಂಡುಹಿಡಿಯೋಕೆ ಹೋಗಲಿಲ್ಲ. ಟೆಲಿಫೋನಿನಿಂದಲೇ ಎಲ್ಲ ಎರವಲು. ಜೋಡಿ ತಂತಿ ಬಂತು, ಜ್ಯಾಕ್ ಬಂತು, ಟೆಲಿಫೋನ್ ಲೈನಿನ 600 ಓಮ್ ಲೆಕ್ಕವೂ ಬಂತು. 600 ಓಮ್‌ಗೆ ಒಂದು ಮಿಲಿವಾಟ್ ಶಕ್ತಿ ಕೊಟ್ಟರೆ 0.775 ವೋಲ್ಟ್ ಆಗುತ್ತೆ. ಇವತ್ತಿಗೂ ಸ್ಟುಡಿಯೋ ಉಪಕರಣಗಳ ಮಟ್ಟವನ್ನು ಅದರಿಂದಲೇ ಎಣಿಸ್ತಾರೆ. ಪ್ಲಸ್ 4 ಅಂತ ಸ್ಪೀಕರ್ ಹಿಂದೆ ಬರೆದಿರೋದು ಅದಕ್ಕಿಂತ 4 ಡೆಸಿಬೆಲ್ ಮೇಲೆ, ಅಂದ್ರೆ ಸುಮಾರು 1.23 ವೋಲ್ಟ್.

ಇನ್ನೊಂದು ಕನೆಕ್ಟರ್, ಮೂರು ಪಿನ್ನಿನ ದುಂಡನೆಯದ್ದು, ಎಕ್ಸ್‌ಎಲ್‌ಆರ್. ಅದು ಲಾಸ್ ಏಂಜಲೀಸಿನ ಕೂಸು. ಅಲ್ಲಿ ಜೇಮ್ಸ್ ಕ್ಯಾನನ್ 1915ರಲ್ಲಿ ಶುರು ಮಾಡಿದ ಕಂಪನಿ ಹಾಲಿವುಡ್ಡಿನ ಧ್ವನಿ ವಿಭಾಗಗಳಿಗೆ ಕನೆಕ್ಟರ್ ಮಾಡಿಕೊಡ್ತಿತ್ತು. ಅವರ ಎಕ್ಸ್ ಸರಣಿಯ ಕನೆಕ್ಟರಿಗೆ ಎಳೆದರೆ ಕಳಚದ ಹಾಗೆ ಒಂದು ಚಿಲಕ ಸೇರಿತು, ಎಲ್ ಬಂತು. 1950ರ ದಶಕದಲ್ಲಿ ಒಳಗೆ ರಬ್ಬರ್ ಸೇರಿತು, ಆರ್ ಬಂತು. ಇದರಲ್ಲೂ ಅದೇ ಜೋಡಿ ತಂತಿ: ಎರಡು ಮತ್ತು ಮೂರನೇ ಪಿನ್ನು ಜೋಡಿಗೆ, ಒಂದನೇ ಪಿನ್ನು ಜಾಲರಿಗೆ. ಟಿಆರ್‌ಎಸ್ ಒಳ್ಳೆಯದೋ ಎಕ್ಸ್‌ಎಲ್‌ಆರ್ ಒಳ್ಳೆಯದೋ ಅಂತ ಜಗಳ ಆಡೋರಿಗೆ ಇದೇ ಉತ್ತರ. ಒಳಗೆ ಇಬ್ಬರೂ ಒಂದೇ. ಒಬ್ಬರಿಗೆ ಚಿಲಕ ಇದೆ, ಇನ್ನೊಬ್ಬರಿಗೆ ಇಲ್ಲ.

ಮೂರನೇ ತೂತು ಮಾತ್ರ ಬೇರೆ ಮನೆತನದ್ದು. ಆರ್‌ಸಿಎ ಕಂಪನಿ 1930ರ ದಶಕದಲ್ಲಿ ರೇಡಿಯೋ ಪೆಟ್ಟಿಗೆಗೆ ಗ್ರಾಮಫೋನ್ ಜೋಡಿಸೋಕೆ ಮಾಡಿದ ಅಗ್ಗದ ಕನೆಕ್ಟರ್ ಅದು. ಟಿವಿಯ ಹಿಂದೆ ಕೆಂಪು-ಬಿಳಿ ಇರುತ್ತಲ್ಲ, ಅದೇ. ಅದರಲ್ಲಿ ಧ್ವನಿಗೆ ಇರೋದು ಒಂದೇ ತಂತಿ, ವಾಪಸ್ ಬರೋಕೆ ಸುತ್ತಲಿನ ಜಾಲರಿ. ಗಲಾಟೆಯನ್ನು ಕಳೆಯೋಕೆ ಸಮನಾದ ಜೊತೆಗಾರ ಇಲ್ಲ. ಒಂದು ರೀತಿಯಲ್ಲಿ ಇದು ಸ್ಟೈನ್‌ಹೈಲ್ ಅವರ ಉಳಿತಾಯಕ್ಕೇ ವಾಪಸ್ ಹೋದಂತೆ. ಅಡಿ ಎರಡಡಿ ದೂರಕ್ಕೆ ಏನೂ ತೊಂದರೆಯಿಲ್ಲ, ಅದನ್ನು ಮಾಡಿದ್ದೇ ಅಷ್ಟಕ್ಕೆ. ಇದರ ಮಟ್ಟವೂ ಕಡಿಮೆ, ಮೈನಸ್ 10 ಅಂತ ಬರೆದಿರುತ್ತೆ, ಸುಮಾರು 0.316 ವೋಲ್ಟ್. ಸ್ಟುಡಿಯೋ ಮಟ್ಟದ ಕಾಲು ಭಾಗ. ಧ್ವನಿಯೇ ಮೆಲ್ಲಗಿದ್ದಾಗ ಅದೇ ಗಲಾಟೆ ದೊಡ್ಡದಾಗಿ ಕೇಳುತ್ತೆ.

ಹಾಗಾದ್ರೆ ಈ ದಪ್ಪ ಕೇಬಲ್, ಚಿನ್ನ, ಬೆಳ್ಳಿ ಎಲ್ಲ ಎಲ್ಲಿಂದ ಬಂತು?

ಮೊದಲಿನ ಸ್ಪೀಕರುಗಳ ಒಳಗೆ ಆಂಪ್ಲಿಫೈಯರ್ ಇರ್ತಿರಲಿಲ್ಲ. ಆಂಪ್ಲಿಫೈಯರ್ ಬೇರೆ ಪೆಟ್ಟಿಗೆ, ಅಲ್ಲಿಂದ ಸ್ಪೀಕರಿಗೆ ಭಾರೀ ಕರೆಂಟು ಹೊತ್ತ ತಂತಿ. 1978ರಲ್ಲಿ ಬಂದು ಜಗತ್ತಿನ ಸ್ಟುಡಿಯೋಗಳನ್ನೆಲ್ಲ ತುಂಬಿಕೊಂಡ ಯಮಾಹಾ ಎನ್‌ಎಸ್-10 ಕೂಡ ಹೀಗೇ. ಇಲ್ಲಿ ತಂತಿಯ ದಪ್ಪಕ್ಕೆ ನಿಜವಾಗಿಯೂ ಬೆಲೆ ಇದೆ. ಅರ್ಧ ಮಿಲಿಮೀಟರಿನ ತೆಳು ತಂತಿ ಐದು ಮೀಟರ್ ಎಳೆದರೆ, ಹೋಗಿ ಬರೋ ದಾರಿ ಸೇರಿ ಸುಮಾರು 0.84 ಓಮ್ ಪ್ರತಿರೋಧ. 8 ಓಮಿನ ಸ್ಪೀಕರಿಗೆ ಇದು ಹತ್ತರಲ್ಲಿ ಒಂದು ಪಾಲು. ಕಿವಿಗೆ ಗೊತ್ತಾಗುವಷ್ಟು.

1970ರ ದಶಕದವರೆಗೆ ಅಮೆರಿಕದಲ್ಲಿ ಜನ ಸ್ಪೀಕರಿಗೆ ಟೇಬಲ್ ಲ್ಯಾಂಪಿನ ವೈರು ಹಾಕ್ಕೊಳ್ತಿದ್ದರು. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಎಂಜಿನಿಯರ್ ಆಗಿದ್ದ, ಜೊತೆಗೆ ಡ್ರಮ್ ಬಾರಿಸ್ತಿದ್ದ ನೋಯಲ್ ಲೀ, ಆ ದಶಕದ ಕೊನೆಗೆ ಮಾನ್‌ಸ್ಟರ್ ಕೇಬಲ್ ಅನ್ನೋ ದಪ್ಪ ಕೇಬಲ್ ಮಾರೋಕೆ ಶುರು ಮಾಡಿದರು. ವೈರು ಕೂಡ ಒಂದು ಸರಕು, ಅದಕ್ಕೂ ಬ್ರ್ಯಾಂಡ್ ಇರಬಹುದು ಅಂತ ಜಗತ್ತಿಗೆ ಗೊತ್ತಾಯ್ತು. 1983ರಲ್ಲಿ ಸ್ಟೀರಿಯೋ ರಿವ್ಯೂ ಪತ್ರಿಕೆ ಕೇಳುಗರನ್ನು ಕೂರಿಸಿ, ಯಾವ ತಂತಿ ಅಂತ ಹೇಳದೆ ಪರೀಕ್ಷೆ ಮಾಡಿತು. ಧ್ವನಿಮಟ್ಟ ಸಮ ಮಾಡಿದಾಗ ದುಬಾರಿ ಕೇಬಲ್ಲಿಗೂ ಸಾಕಷ್ಟು ದಪ್ಪಗಿನ ಸಾಮಾನ್ಯ ವೈರಿಗೂ ಸಂಗೀತದಲ್ಲಿ ವ್ಯತ್ಯಾಸ ಹೇಳೋಕೆ ಅವರಿಂದಾಗಲಿಲ್ಲ. ಅಂದರೆ ದಪ್ಪ ಬೇಕು, ಬ್ರ್ಯಾಂಡ್ ಬೇಕಿಲ್ಲ. ಆದರೆ ವ್ಯಾಪಾರ ಅಷ್ಟೊತ್ತಿಗೆ ಓಡೋಕೆ ಶುರುವಾಗಿತ್ತು.

ವ್ಯಾಪಾರಕ್ಕೆ ವಿಜ್ಞಾನದ ಒಂದು ಮಾತೂ ಬೇಕಿತ್ತು, ಸ್ಕಿನ್ ಎಫೆಕ್ಟ್. ಹೆಚ್ಚು ಆವರ್ತನದ ವಿದ್ಯುತ್ತು ತಂತಿಯ ಒಡಲೊಳಗೆ ಹರಿಯದೆ ಚರ್ಮದಲ್ಲೇ ಹರಿಯುತ್ತೆ ಅನ್ನೋ ತತ್ವ. ಇದು ಸುಳ್ಳಲ್ಲ. ಇದರ ಗಣಿತ ಬಿಡಿಸಿದವರಲ್ಲಿ ಒಬ್ಬರು ಆಲಿವರ್ ಹೆವಿಸೈಡ್. ಹದಿನಾರಕ್ಕೆ ಶಾಲೆ ಬಿಟ್ಟು ಟೆಲಿಗ್ರಾಫ್ ಆಪರೇಟರ್ ಆಗಿದ್ದ, ಮುಂದೆ ಬ್ರಿಟನ್ನಿನ ಅಂಚೆ ಇಲಾಖೆಯ ದೊಡ್ಡ ಎಂಜಿನಿಯರ್ ವಿಲಿಯಂ ಪ್ರೀಸ್ ಜೊತೆ ಜೀವಮಾನವಿಡೀ ಜಗಳವಾಡಿದ ಮಹಾನುಭಾವ. ಆದರೆ ಅವರ ಲೆಕ್ಕವನ್ನು ಪೂರ್ತಿ ಮಾಡಿ ನೋಡಿ. ಮನುಷ್ಯನ ಕಿವಿಯ ಕೊನೆಯ ಗಡಿ 20 ಕಿಲೋಹರ್ಟ್ಜ್. ಅಲ್ಲಿ ತಾಮ್ರದಲ್ಲಿ ಆ ಚರ್ಮದ ದಪ್ಪ ಅರ್ಧ ಮಿಲಿಮೀಟರಿನ ಹತ್ತಿರ. ಮಾನಿಟರ್ ಕೇಬಲ್ಲಿನೊಳಗಿನ ತಂತಿಯ ಪೂರ್ತಿ ಅಗಲವೇ ಸಾಮಾನ್ಯವಾಗಿ ಅಷ್ಟು. ಅಂದ್ರೆ ತಂತಿಗೆ ಚರ್ಮವೊಂದೇ ಇರೋದು, ಒಡಲೇ ಇಲ್ಲ! ಡಬ್ಬದ ಮೇಲೆ ಹೆವಿಸೈಡರ ತತ್ವ ಅಚ್ಚು ಹಾಕ್ತಾರೆ, ಅವರ ಲೆಕ್ಕವನ್ನು ಬಿಟ್ಟುಬಿಡ್ತಾರೆ.

1978ರಲ್ಲಿ ಫಿನ್‌ಲ್ಯಾಂಡಿನ ಈಸಲ್ಮಿ ಅನ್ನೋ ಊರಲ್ಲಿ ಜೆನೆಲೆಕ್ ಕಂಪನಿ ಹುಟ್ಟಿತು. ಆ ದೇಶದ ರೇಡಿಯೋ ಸಂಸ್ಥೆಗೆ ಅವರು ಮಾಡಿಕೊಟ್ಟ ಮಾನಿಟರಿನಲ್ಲಿ ಆಂಪ್ಲಿಫೈಯರ್ ಸ್ಪೀಕರಿನ ಪೆಟ್ಟಿಗೆಯೊಳಗೇ ಇತ್ತು. ನಿಧಾನಕ್ಕೆ ಎಲ್ಲರೂ ಆ ದಾರಿಗೆ ಬಂದರು. ನೀವು ಇವತ್ತು ಕೊಳ್ಳೋ ಮಾನಿಟರುಗಳು ಬಹುತೇಕ ಎಲ್ಲವೂ ಇಂಥವೇ. ಹೀಗಾದಾಗ ದಪ್ಪ ಬೇಕಾದ ತಂತಿ ಪೆಟ್ಟಿಗೆಯೊಳಗೆ ಒಂದಡಿಯಾಗಿ ಮುಗಿದುಹೋಯ್ತು. ಹೊರಗೆ ಉಳಿದದ್ದು ಟೆಲಿಫೋನಿನ ಜೋಡಿ ತಂತಿ. ಅದೇ ಐದು ಮೀಟರ್ ತೆಳು ತಂತಿ, ಅದೇ 0.84 ಓಮ್, ಆದರೆ ಈಗ ಎದುರಿಗಿರೋದು 8 ಓಮ್ ಅಲ್ಲ, ಸಾಮಾನ್ಯವಾಗಿ 10,000 ಓಮ್ ಅಥವಾ ಅದಕ್ಕಿಂತ ಹೆಚ್ಚು. ನಷ್ಟ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಕೇಬಲ್ಲಿನ ಕೆಪಾಸಿಟೆನ್ಸ್ ಮೀಟರಿಗೆ 100 ಪಿಕೋಫ್ಯಾರಡ್, ಇಂಟರ್‌ಫೇಸಿನ ಔಟ್‌ಪುಟ್ 100 ಓಮ್ ಅಂತ ಹಿಡಿದರೂ, ಹತ್ತು ಮೀಟರ್ ಕೇಬಲ್ ಮೇಲಿನ ಸ್ವರಗಳನ್ನು ಕತ್ತರಿಸೋಕೆ ಶುರು ಮಾಡೋದು 1.6 ಮೆಗಾಹರ್ಟ್ಜ್ ಆಸುಪಾಸಿನಲ್ಲಿ. ಕಿವಿಯ ಗಡಿಗಿಂತ ಎಂಬತ್ತು ಪಟ್ಟು ಮೇಲೆ. ಅದು ಬಾವಲಿಗೂ ಕೇಳಿಸಲ್ಲ.

ಆದರೂ ಮನೆಯಲ್ಲಿ ಗೊರ್ರ್ ಅನ್ನೋ ಸದ್ದು ಯಾಕೆ ಬರುತ್ತೆ? ಹಳೇ ಟ್ರಾಮಿನ ಕಥೆಯೇ. ಈಗ ನೆಲದ ಬದಲು ಅರ್ತಿಂಗ್ ವೈರು. ಲ್ಯಾಪ್‌ಟಾಪ್ ಒಂದು ಸಾಕೆಟ್ಟಿನಲ್ಲಿ, ಸ್ಪೀಕರ್ ಇನ್ನೊಂದರಲ್ಲಿ. ಎರಡರ ಅರ್ತಿಂಗ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತೆ. ಒಂಟಿ ತಂತಿಯ ಕೇಬಲ್ ಹಾಕಿದರೆ ಜಾಲರಿಯೇ ಧ್ವನಿಯ ವಾಪಸ್ ದಾರಿ. ಅದರ ಮೇಲೇ ನಮ್ಮ ದೇಶದ 50 ಹರ್ಟ್ಜ್ ಕರೆಂಟು ಸವಾರಿ ಮಾಡುತ್ತೆ. ಅಮೆರಿಕದಲ್ಲಿ ಇದೇ ಸದ್ದು 60 ಹರ್ಟ್ಜ್, ಸ್ವಲ್ಪ ಏರು ಶ್ರುತಿ. ಜೋಡಿ ತಂತಿಯಲ್ಲಿ ಧ್ವನಿಯ ದಾರಿ ಬೇರೆ, ಜಾಲರಿಯ ದಾರಿ ಬೇರೆ. ಆದರೆ ಕೆಲವು ಉಪಕರಣ ಮಾಡುವವರು ಒಂದನೇ ಪಿನ್ನನ್ನು ಲೋಹದ ಪೆಟ್ಟಿಗೆಗೆ ಕೂಡಿಸುವ ಬದಲು ಒಳಗಿನ ಸರ್ಕ್ಯೂಟಿಗೆ ಕೂಡಿಸಿ ಗಲಾಟೆಯನ್ನು ಮನೆಯೊಳಗೇ ಕರೀತಿದ್ದರು. ನೀಲ್ ಮನ್ಸಿ ಅನ್ನೋ ಎಂಜಿನಿಯರ್ 1995ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಪಿನ್ ಒಂದರ ಸಮಸ್ಯೆ ಅಂತಲೇ ಬರೆದರು. ಅದೇ ಸಂಚಿಕೆಯಲ್ಲಿ ಬಿಲ್ ವಿಟ್‌ಲಾಕ್ ಇನ್ನೊಂದು ತಪ್ಪು ತಿಳುವಳಿಕೆ ಬಿಡಿಸಿದರು. ಎರಡು ತಂತಿಯಲ್ಲಿ ಧ್ವನಿ ಉಲ್ಟಾಪಲ್ಟಾ ಹೋಗೋದರಿಂದ ಗಲಾಟೆ ಸಾಯುತ್ತೆ ಅಂತ ಬಹಳ ಜನ ಹೇಳ್ತಾರೆ, ಅದು ಹಾಗಲ್ಲ. ಎರಡೂ ತಂತಿಗೆ ಎರಡೂ ತುದಿಯಲ್ಲಿ ಸಮನಾದ ಇಂಪಿಡೆನ್ಸ್ ಇರಬೇಕು, ಅದೇ ಮುಖ್ಯ. ಜೋಡೆತ್ತಿನ ಗಾಡಿಯ ಹಾಗೆ. ನೊಗದ ಎರಡೂ ಕಡೆ ಭಾರ ಸಮ ಇದ್ದರೆ ಗಾಡಿ ನೆಟ್ಟಗೆ ಹೋಗುತ್ತೆ. ಎತ್ತಿನ ಕೊಂಬಿಗೆ ಚಿನ್ನದ ಅಣಸು ಹಾಕಿದರೆ ಗಾಡಿಗೆ ಅದರಿಂದ ಏನೂ ಆಗಲ್ಲ.

ಇಲ್ಲಿ ಒಂದು ಮಾತನ್ನು ಖಡಕ್ಕಾಗಿ ಹೇಳಲೇಬೇಕು. ಗೊರ್ರ್ ಸದ್ದು ನಿಲ್ಲಿಸೋಕೆ ನಮ್ಮಲ್ಲಿ ಒಂದು ನಾಟಿ ವಿದ್ಯೆ ಇದೆ: ಮೂರು ಪಿನ್ನಿನ ಪವರ್ ಪ್ಲಗ್ಗಿನ ದಪ್ಪ ಪಿನ್ನು ಮುರಿಯೋದು, ಇಲ್ಲಾ ಅರ್ತ್ ವೈರು ಬಿಚ್ಚೋದು. ಸದ್ದು ನಿಂತೂ ಹೋಗುತ್ತೆ. ಆದರೆ ಒಳಗೆ ಎಲ್ಲೋ ವೈರು ತಾಗಿ ಪೆಟ್ಟಿಗೆಗೆ 230 ವೋಲ್ಟ್ ಬಂದ ದಿನ, ಅದು ಹರಿದು ಹೋಗೋಕೆ ಉಳಿದಿರೋ ದಾರಿ ಮೈಕ್ ಹಿಡಿದ ಮನುಷ್ಯ. ಅರ್ತ್ ಪಿನ್ನು ಇರೋದು ಧ್ವನಿಗಲ್ಲ, ಜೀವಕ್ಕೆ. ಸದ್ದನ್ನು ಓಡಿಸಬೇಕಾದದ್ದು ಆಡಿಯೋ ಕೇಬಲ್ಲಿನ ಕಡೆಯಿಂದ. ಎಲ್ಲವನ್ನೂ ಒಂದೇ ಸಾಕೆಟ್ ಬೋರ್ಡಿಗೆ ಹಾಕಿ, ಜೋಡಿ ತಂತಿಯ ಕೇಬಲ್ ಬಳಸಿ. ಅಷ್ಟಕ್ಕೂ ಹೋಗದಿದ್ದರೆ ನಡುವೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಇಪ್ಪತ್ತು ಸಾವಿರದ ಕೇಬಲ್ಲಿಗೆ ಇಡೋ ದುಡ್ಡಿನಲ್ಲಿ ಸಣ್ಣ ಪಾಲನ್ನು ಮನೆಯ ಅರ್ತಿಂಗ್ ಪರೀಕ್ಷೆ ಮಾಡೋ ಎಲೆಕ್ಟ್ರಿಷಿಯನ್‌ಗೆ ಕೊಟ್ಟರೆ ಅದೇ ಒಳ್ಳೆ ಖರ್ಚು.

ಈಗ ಖರೀದಿಯ ಲೆಕ್ಕ ಚಿಕ್ಕದಾಗಿಬಿಡುತ್ತೆ. ಮೊದಲು ನಿಮ್ಮ ಇಂಟರ್‌ಫೇಸಿನ ಔಟ್‌ಪುಟ್ ನೋಡಿ. ಹೆಚ್ಚಿನವುಗಳಲ್ಲಿ ಕಾಲಿಂಚಿನ ಬ್ಯಾಲೆನ್ಸ್ಡ್ ಜ್ಯಾಕ್ ಇರುತ್ತೆ. ಸ್ಪೀಕರಿನಲ್ಲಿ ಎಕ್ಸ್‌ಎಲ್‌ಆರ್ ಇದ್ದರೆ, ಒಂದು ತುದಿಗೆ ಟಿಆರ್‌ಎಸ್ ಇನ್ನೊಂದು ತುದಿಗೆ ಎಕ್ಸ್‌ಎಲ್‌ಆರ್ ಇರೋ ಎರಡು ಕೇಬಲ್ ತಗೊಳ್ಳಿ. ಇಲ್ಲದಿದ್ದರೆ ಎರಡೂ ತುದಿಗೆ ಟಿಆರ್‌ಎಸ್. ಪ್ಲಗ್ಗಿನಲ್ಲಿ ಕಪ್ಪು ಗೆರೆ ಎರಡು ಇವೆಯಾ ಅಂತ ನೋಡಿ. ಒಂದೇ ಇದ್ದರೆ ಅದು ಗಿಟಾರ್ ಕೇಬಲ್, ಒಂಟಿ ತಂತಿಯದ್ದು. ನೋಡೋಕೆ ಅವಳಿಜವಳಿ, ಒಳಗೆ ಬೇರೆ. ಉದ್ದ ಬೇಕಾದಷ್ಟೇ ಇರಲಿ, ಜಾಲರಿ ಒತ್ತಾಗಿ ಹೆಣೆದಿರಲಿ, ಪ್ಲಗ್ಗು ಬಿಚ್ಚಿ ಬೆಸುಗೆ ಹಾಕೋ ಹಾಗಿರಲಿ. ಕೇಬಲ್ ಹಾಳಾಗೋದು ಹೆಚ್ಚಾಗಿ ಪ್ಲಗ್ಗಿನ ಕುತ್ತಿಗೆಯಲ್ಲೇ. ಚಿನ್ನದ ಲೇಪನ ತುಕ್ಕು ಹಿಡಿಯಲ್ಲ. ಮಂಗಳೂರಿನ ಉಪ್ಪು ಗಾಳಿಯಲ್ಲಿ ಅದೊಂದು ಉಪಯೋಗ ಒಪ್ಪೋಣ. ಧ್ವನಿಗೆ ಅದು ಬಣ್ಣ ಬಳಿಯಲ್ಲ.

ಇನ್ನೊಂದು ಎಚ್ಚರ. ಫೋನಿನ ಅಥವಾ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ನೇರವಾಗಿ ಟಿಆರ್‌ಎಸ್ ಕೇಬಲ್ಲಿನಲ್ಲಿ ಒಂದು ಮಾನಿಟರಿಗೆ ಹಾಕಿದರೆ ವಿಚಿತ್ರ ಆಗುತ್ತೆ: ವಾದ್ಯ ಕೇಳುತ್ತೆ, ಗಾಯಕ ಮಾಯ. ಅಲ್ಲಿ ಟಿಪ್ ಎಡಕಿವಿ, ರಿಂಗ್ ಬಲಕಿವಿ. ಮಾನಿಟರ್ ಪಾಪ ತನ್ನ ಹಳೇ ಅಭ್ಯಾಸದಂತೆ ಒಂದರಿಂದ ಇನ್ನೊಂದನ್ನು ಕಳೆಯುತ್ತೆ. ಗಾಯಕನ ದನಿ ಎರಡರಲ್ಲೂ ಸಮನಾಗಿ ಇರೋದರಿಂದ ಅದನ್ನೂ ಟ್ರಾಮಿನ ಗಲಾಟೆ ಅಂತ ತಿಳಿದು ಹೊರಗೆ ಹಾಕುತ್ತೆ! 1881ರ ಐಡಿಯಾ ಇನ್ನೂ ಎಷ್ಟು ನಿಷ್ಠೆಯಿಂದ ಕೆಲಸ ಮಾಡ್ತಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಸಾಕ್ಷಿ ಬೇಕೇ ಬೇಕು ಅಂದ್ರೆ ಆಫೀಸಿನ ಮೇಜಿನ ಕೆಳಗೆ ಬಗ್ಗಿ ನೋಡಿ. ಅಲ್ಲಿರೋ ಈಥರ್ನೆಟ್ ಕೇಬಲ್ಲಿನ ಹೊದಿಕೆ ಸೀಳಿದರೆ ನಾಲ್ಕು ಜೋಡಿ ತಂತಿ ಕಾಣುತ್ತೆ. ನಾಲ್ಕೂ ಹುರಿ ಮಾಡಿದವು, ಒಂದರ ಗುಟ್ಟು ಇನ್ನೊಂದಕ್ಕೆ ಕೇಳದಿರಲಿ ಅಂತ ಪ್ರತಿ ಜೋಡಿಯ ಹುರಿಯ ಬಿಗಿ ಬೇರೆ ಬೇರೆ. ನಾವು ಬರೆಯೋ ಕೋಡು, ಸೇರೋ ಮೀಟಿಂಗು, ಬರೋ ಸಂಬಳದ ಮಾಹಿತಿ ಎಲ್ಲ ಅದರ ಮೇಲೇ ಓಡಾಡೋದು. ಅದನ್ನು ಕೊಳ್ಳುವಾಗ ಯಾರೂ ತಾಮ್ರದ ಆಮ್ಲಜನಕ ವಿಚಾರಿಸಲ್ಲ. ಮೀಟರಿಗೆ ಇಷ್ಟು ಅಂತ ಅಳೆದು ತಗೊಂಡು ಬರ್ತೀವಿ. ಮಾನಿಟರ್ ಕೇಬಲ್ಲಿಗೂ ಅಷ್ಟೇ ಮರ್ಯಾದೆ ಸಾಕು.